ದೊಡ್ಡಂಗಡಿಯ ಕೊರಡು

ಆ ಹೆಂಗಸು ಬಂದು ಹೋದಮೇಲೆ ಜುಮಾನಾ ಕುಲಿಬಾಲಿ ಅರ್ಧ ಗಂಟೆ ಮಾತೇ ಆಡಲಿಲ್ಲ. ಮಾವಿನ ಮರದ ಕೆಳಗಿನ ಬೆಂಚಿನ ಮೇಲೆ ಕೂತು, ಮೊಣಕಾಲ ಮೇಲೆ ಎರಡೂ ಕೈ ಊರಿ, ಗೇಟನ್ನೇ ದುರುಗುಟ್ಟಿ ನೋಡುತ್ತಿದ್ದ. ಬಣ್ಣದ ಬಾನಿಯಲ್ಲಿ ಮೊಣಕೈವರೆಗೆ ಕೈ ಅದ್ದಿ ಬಟ್ಟೆ ಹೊರಳಿಸುತ್ತಿದ್ದ ಅವನ ಹೆಂಡತಿ ತೆನೆಗೆ ಇದು ಸರಿಕಾಣಲಿಲ್ಲ. ಮೂವತ್ತೆರಡು ವರ್ಷದ ಸಂಸಾರದಲ್ಲಿ ಅವನ ಕೂಗಾಟವನ್ನು ಅವಳು ದಿನವೂ ಕೇಳಿದ್ದಳು. ಸುಮ್ಮನಿದ್ದದ್ದನ್ನು ಕಂಡದ್ದು ಎರಡೇ ಸಲ: ಒಂದು ಅವನಪ್ಪ ತೀರಿಕೊಂಡಾಗ, ಇನ್ನೊಂದು ದವಡೆ ಹಲ್ಲು ಕೀಳಿಸಿಕೊಂಡಾಗ.

"ಏನಾಯ್ತು ಕುಲಿಬಾಲಿ? ಅಲಸಂದೆ ಕಾಳು ಗಂಟಲಿಗೆ ಸಿಕ್ಕಾಕ್ಕೊಂಡಿತಾ?" ಎಂದಳು.

ಬೇರೆ ದಿನವಾಗಿದ್ದರೆ ಮಾತು ಮುಗಿಯುವ ಮೊದಲೇ ಉತ್ತರ ಬರುತ್ತಿತ್ತು. ಬಮಾಕೊ ಊರಿನಲ್ಲಿ ಕುಲಿಬಾಲಿ ಮನೆತನದವನೊಬ್ಬ ಕಣ್ಣಿಗೆ ಬಿದ್ದರೆ ಕೇಯ್ತಾ ಮನೆತನದವರು ಅವನನ್ನು ಅಲಸಂದೆ ತಿನ್ನುವವನೆಂದು ಆಡಿಕೊಳ್ಳಲೇಬೇಕು. ಅವನು ತಿರುಗಿ, ನೀವು ನಮ್ಮ ಮನೆಯ ಆಳುಗಳಲ್ಲವೇ ಎನ್ನಬೇಕು. ಬ್ಯಾಂಕಿನ ಸರದಿ ಸಾಲಿನಲ್ಲಾಗಲಿ, ಆಸ್ಪತ್ರೆಯ ಹಾಸಿಗೆಯಲ್ಲಾಗಲಿ, ಕೊನೆಗೆ ಹೆಣದ ಮುಂದಾಗಲಿ ಇದಕ್ಕೆ ರಜೆಯಿಲ್ಲ. ಮುತ್ತಜ್ಜಂದಿರು ಕಟ್ಟಿಕೊಟ್ಟ ನಂಟು ಅದು. ಅದರಲ್ಲಿ ಸಿಟ್ಟಾಗುವ ಹಾಗೇ ಇಲ್ಲ. ಮದುವೆಯಾದರೂ ಹೆಂಗಸರ ಮನೆ ಹೆಸರು ಬದಲಾಗುವುದಿಲ್ಲ ನೋಡಿ, ಹುಟ್ಟಾ ಕೇಯ್ತಾ ಆದ ತೆನೆ ಈ ಮೂವತ್ತೆರಡು ವರ್ಷವೂ ಗಂಡನನ್ನು ಹಕ್ಕಿನಿಂದಲೇ ಬೈದುಕೊಂಡು ಬಂದಿದ್ದಳು.

ಇವತ್ತು ಮಾತ್ರ ಉತ್ತರ ಬರಲಿಲ್ಲ.

"ನೋಡಿದ್ಯಾ, ಎಷ್ಟು ಮರ್ಯಾದೆ ಕೊಟ್ಟಳು ಅಂತ?" ಎಂದ ಜುಮಾನಾ ಕೊನೆಗೆ. "ಹಿರಿಯರೇ ಅಂದಳು. ತಾವು ಅಂದಳು. ತಲೆ ಬಗ್ಗಿಸಿ ಕೈ ಕುಲುಕಿದಳು. ಮನೆ ಹೆಸರು ಕೇಳಿದ್ರೆ, 'ದೂಸು ಅಂತ ಕರೀರಿ ಸಾಕು' ಅಂದಳು. ಮನೆ ಹೆಸರಿಲ್ಲದ ಹೆಂಗಸು ನಮ್ಮನೆ ಬೆಂಚಿನ ಮೇಲೆ ಕೂತು ಎದ್ದು ಹೋದಳಲ್ಲೇ!"

"ಅದಕ್ಕೇನೀಗ? ಓದಿದೋರು ಹಾಗೇ ಮಾತಾಡೋದು."

"ಯಾರನ್ನ ಆಚೆ ಹಾಕ್ಬೇಕೋ ಅವರಿಗೆ ಹಾಗೆ ಮಾತಾಡೋದು."

ಆಚೆ ಹಾಕುವ ಮಾತು ಸುಳ್ಳಲ್ಲ. ರೈಲು ನಿಲ್ದಾಣದ ಹಿಂದಿರುವ ದೊಡ್ಡಂಗಡಿಯನ್ನು ಫ್ರೆಂಚರ ಕಾಲದಲ್ಲಿ ಯಾರೋ ಬಟ್ಟೆ ವ್ಯಾಪಾರಿ ಕಟ್ಟಿಸಿದ್ದ. ಮೊಳದುದ್ದ ದಪ್ಪದ ಕೆಂಪು ಗೋಡೆ, ಸಾಲು ಕಮಾನು, ಎರಡಾಳೆತ್ತರದ ಬಾಗಿಲು. ವ್ಯಾಪಾರಿ ಬಿಟ್ಟು ಹೋದಮೇಲೆ ಅದರೊಳಗೆ ಮೊದಲು ಬಂದವರು ಬಾವಲಿಗಳು, ಆಮೇಲೆ ಬಂದವರು ಬಟ್ಟೆ ಬಡಿಯುವವರು. ಬಣ್ಣಕ್ಕೆ ಹಾಕಿ, ಗಂಜಿ ಹಿಡಿಸಿದ ಬಜೆನ್ ಎಂಬ ದಪ್ಪ ಹತ್ತಿ ಬಟ್ಟೆಯನ್ನು ಮಡಿಸಿ, ಕೊರಡಿನ ಮೇಲಿಟ್ಟು, ಮೇಣ ಸವರಿ, ಎದುರುಬದುರು ಕೂತ ಇಬ್ಬರು ಮರದ ಕೊಡತಿಯಿಂದ ಸರದಿಯ ಮೇಲೆ ಬಡಿಯಬೇಕು. ಬಡಿದು ಬಡಿದು ಅದು ಕನ್ನಡಿಯ ಹಾಗೆ ಮಿರುಗಬೇಕು, ಉಟ್ಟು ನಡೆದರೆ ಗರಗರ ಅನ್ನಬೇಕು. ಆಗಲೇ ಅದನ್ನು ಉಟ್ಟವರು ಮದುವೆಗೆ ಹೋಗುವುದು. ದೊಡ್ಡಂಗಡಿಯಲ್ಲಿ ಎಂಟು ಜೋಡಿ ಬಡಿಯುವವರಿದ್ದರು. ನಟ್ಟನಡುವಿನ ಕೊರಡು ಜುಮಾನಾನ ಅಪ್ಪ ನೆಲ ಅಗೆದು ಹೂತದ್ದು. ಆ ಕೊರಡಿಗೆ ಜುಮಾನಾ ಒಂದು ಕಡೆ, ಅವನ ಗೆಳೆಯ ಸಿಯಾಕಾ ಇನ್ನೊಂದು ಕಡೆ ಕೂತು ನಲವತ್ತು ವರ್ಷವಾಗಿತ್ತು.

ಈಗ ದೊಡ್ಡಂಗಡಿಯನ್ನು ರಿಪೇರಿ ಮಾಡಿ ಚಿತ್ರ, ಸಂಗೀತ, ಹೊಸ ಉಡುಪುಗಳ ಪ್ರದರ್ಶನಕ್ಕೆ ಒಂದು ಮನೆ ಮಾಡುತ್ತಾರಂತೆ. ದೂಸು ಅದರ ಎಂಜಿನಿಯರು. ಮೊದಲ ಉಡುಪು ಪ್ರದರ್ಶನದ ಹೊಣೆ ಯಾರದು ಎನ್ನುತ್ತೀರಿ? ಜುಮಾನಾನ ಒಬ್ಬಳೇ ಮಗಳು ನ್ಯಾಕಲೆಯದು. ಡಾಕಾರ್‌ನಲ್ಲಿ ಆರು ವರ್ಷ ಹೊಲಿಗೆ, ವಿನ್ಯಾಸ ಕಲಿತು ಬಂದವಳು. ದೂಸುವನ್ನು ಮನೆಗೆ ಕರೆತಂದವಳೂ ಅವಳೇ.

"ಬಾಬಾ, ಅವರೇನು ನಿಮ್ಮನ್ನ ಓಡಿಸ್ತಿಲ್ಲ," ಎಂದಳು ನ್ಯಾಕಲೆ, ಅತಿಥಿಯನ್ನು ದೊಡ್ಡಂಗಡಿಯವರೆಗೆ ಬಿಟ್ಟು ಆಗಷ್ಟೇ ಮರಳಿ ಬಂದು. "ಬಡಿಯೋರಿಗೆಲ್ಲ ರೈಲು ಹಳಿ ಪಕ್ಕ ಹೊಸ ಶೆಡ್ ಕೊಡ್ತಾರೆ. ಅಜ್ಜನ ಕೊರಡನ್ನ ಮಾತ್ರ ದೊಡ್ಡಂಗಡಿಯಲ್ಲೇ ಇಡ್ತಾರೆ. ಗಾಜಿನ ಪೆಟ್ಟಿಗೆ ಮಾಡಿಸಿ, ದೀಪ ಹಾಕಿ, ಗೌರವದಿಂದ..."

"ಗಾಜಿನ ಪೆಟ್ಟಿಗೆ! ನಾನು ಸತ್ತಿದ್ದೀನಾ?"

"ಯಾರು ಸತ್ತರು?" ಎಂದಳು ಜಗಲಿಯ ಚಾಪೆಯಿಂದ ಜುಮಾನಾನ ತಾಯಿ ಸನಬಾ. ಎಂಬತ್ತು ದಾಟಿದ ಮುದುಕಿಗೆ ಬೇಕಾದ ಮಾತು ಕೇಳುತ್ತಿರಲಿಲ್ಲ, ಬೇಡವಾದದ್ದು ಗೋಡೆಯಾಚೆಯಿಂದಲೂ ಕೇಳುತ್ತಿತ್ತು.

"ಯಾರೂ ಸತ್ತಿಲ್ಲ ಅತ್ತೆ. ನಿಮ್ಮ ಮಗನಿಗೆ ಯಾರೋ ಮರ್ಯಾದೆ ಕೊಟ್ಟರಂತೆ."

"ಅಯ್ಯೋ ಪಾಪ," ಎಂದಳು ಸನಬಾ.

ಅಂದು ಮಧ್ಯಾಹ್ನ ಊಟಕ್ಕೆ ಮೀನು, ಅನ್ನ. ಚಿಕ್ಕಂದಿನಿಂದಲೂ ನ್ಯಾಕಲೆ ಅಪ್ಪನ ಬೋಗುಣಿಯಲ್ಲೇ ಕೈ ಹಾಕಿ ಉಂಡವಳು. ಅವನು ಮೀನನ್ನು ಮುರಿದು, ಮುಳ್ಳು ತೆಗೆದು, ಒಳ್ಳೇ ತುಂಡನ್ನು ಅವಳ ಕಡೆಗೆ ತಳ್ಳುತ್ತಿದ್ದ. ಇಪ್ಪತ್ತೆಂಟು ವರ್ಷದ ಹೆಣ್ಣಾದರೂ ಅದು ತಪ್ಪಿರಲಿಲ್ಲ. ಇವತ್ತು ಅವನು ಕೈ ತೊಳೆದು, ಟೋಪಿ ಹಾಕಿಕೊಂಡು ಎದ್ದೇ ಬಿಟ್ಟ.

"ನಾನು ಸಿಯಾಕಾನ ಮನೇಲಿ ಉಣ್ತೀನಿ. ನನ್ನನ್ನ ಪೆಟ್ಟಿಗೇಲಿ ಹಾಕೋರ ಜೊತೆ ಉಣ್ಣಲ್ಲ."

"ಹೋಗು, ಹೋಗು. ಸಿಯಾಕಾನ ಹೆಂಡತಿ ಸಾರಿಗೆ ಉಪ್ಪು ಹಾಕೋದು ವಾರಕ್ಕೊಂದು ಸಲ," ಎಂದು ತೆನೆ ಕೂಗಿದಳು. ಕೂಗಿದಳೇ ಹೊರತು ಬೋಗುಣಿಯಲ್ಲಿ ಹಾಗೇ ಉಳಿದ ಮೀನನ್ನು ಕಂಡು ಅವಳೂ ಕೈ ತೊಳೆದು ಎದ್ದಳು.

ಎರಡು ವಾರದಲ್ಲಿ ಬಡಿಯುವವರು ಶೆಡ್ಡಿಗೆ ಹೋದರು. ತಗಡಿನ ಮಾಡಿನ ಕೆಳಗೆ ಕಾದ ರೊಟ್ಟಿ ಹೆಂಚಿನಂಥ ಕಾವು. ಅದಾದರೂ ತಡೆಯಬಹುದಿತ್ತು, ನೆಲ ಮಾತ್ರ ಪೊಳ್ಳು. ಹೊಸ ಕೊರಡು ಪ್ರತಿ ಪೆಟ್ಟಿಗೂ ಕೂದಲೆಳೆಯಷ್ಟು ಕುಸಿಯುತ್ತಿತ್ತು. ದೊಡ್ಡಂಗಡಿಯಲ್ಲಿ ಟಣ್ ಟಣ್ ಅನ್ನುತ್ತಿದ್ದ ಸದ್ದು ಇಲ್ಲಿ ದೊಪ್ ದೊಪ್ ಅನ್ನತೊಡಗಿತು. ರೈಲು ಹೋದಾಗಲೆಲ್ಲ ಇಬ್ಬರ ಲಯ ತಪ್ಪುತ್ತಿತ್ತು.

"ಒದ್ದೆ ಕತ್ತೆ ಬೆನ್ನಿಗೆ ಬಡಿದ ಹಾಗಿದೆ," ಎಂದು ಸಿಯಾಕಾ ಸಂಜೆ ಮನೆಗೆ ಬಂದು ತೆನೆಯ ಮುಂದೆ ದೂರಿದ. "ನಿನ್ನ ಗಂಡ ಬೇರೆ ನನ್ನನ್ನೇ ಬೈತಾನೆ. ಮೂರು ಸಲ ನನ್ನ ಕೈಮೇಲೆ ಕೊಡತಿ ಹಾಕೋದ್ರಲ್ಲಿದ್ದ."

"ಬೈಸ್ಕೊಂಡ್ರೆ ಬೈಸ್ಕೋ. ನಿನ್ನ ಮನೇಲಿ ದಿನಾ ಉಣ್ತಾನಲ್ಲ, ಹೊಟ್ಟೆ ಸರಿಯಾಗಿದ್ಯಾ?"

"ಹೊಟ್ಟೆ ಸರಿಯಾಗಿದೆ. ಮೀನು ಬಂದ ದಿನ ಮುಳ್ಳು ತೆಗೆದು ಒಳ್ಳೇ ತುಂಡು ಪಕ್ಕಕ್ಕಿಡ್ತಾನೆ. ಆಮೇಲೆ ಪಕ್ಕದಲ್ಲಿ ಯಾರೂ ಇಲ್ಲ ಅಂತ ನೆನಪಾಗಿ ನನಗೇ ಕೊಡ್ತಾನೆ. ನಾನೂ ಬೇಡ ಅನ್ನಲ್ಲ."

ತೆನೆ ನಕ್ಕಳು. ಒಳಗೆ ಹೋಗಿ ಉಟ್ಟ ಬಟ್ಟೆಯ ಅಂಚಿನಲ್ಲಿ ಕಣ್ಣನ್ನೂ ಒರೆಸಿಕೊಂಡಳು.

ಇತ್ತ ನ್ಯಾಕಲೆಗೆ ಮೂವತ್ತು ನಿಲುವಂಗಿ ಸಿದ್ಧವಾಗಬೇಕಿತ್ತು. ಬಟ್ಟೆಗೆಲ್ಲ ತೆನೆಯೇ ಬಣ್ಣ ಹಾಕಿದ್ದಳು: ಗಂಟು ಕಟ್ಟಿ, ದಾರ ಬಿಗಿದು, ನೀಲಿ, ಕಾಡಿಗೆಗಪ್ಪು, ಕೋಲಾ ಕಾಯಿಯ ಕಂದು. ಬಡಿಯುವವರು ಬೇಕಲ್ಲ! ಯಜಮಾನ ಜುಮಾನಾ ಒಲ್ಲೆ ಅಂದಮೇಲೆ ಉಳಿದ ಏಳು ಜೋಡಿಯಲ್ಲಿ ಒಬ್ಬನೂ ಕೈ ಹಾಕಲಿಲ್ಲ. ಒಬ್ಬನಿಗೆ ಬೆನ್ನುನೋವು, ಇನ್ನೊಬ್ಬನಿಗೆ ನಾದಿನಿಯ ಮದುವೆ. ನ್ಯಾಕಲೆ ಹಟ ಹಿಡಿದು ಒಂದು ಬಟ್ಟೆಯನ್ನು ಇಸ್ತ್ರಿ ಯಂತ್ರವಿದ್ದ ಲಾಂಡ್ರಿಗೆ ಕೊಟ್ಟು ತಂದಳು. ಚಪ್ಪಟೆಯಾಗಿ, ಮಂಕಾಗಿ ಬಂತು.

ಸನಬಾ ಅದನ್ನು ಬೆರಳಲ್ಲಿ ಉಜ್ಜಿ, ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದಳು. "ಇದಕ್ಕೆ ಬಾಯೇ ಇಲ್ಲವಲ್ಲ ಮಗು. ಇದನ್ನ ಉಟ್ಟು ಬಂದ್ರೆ ಬಂದೋರು ಯಾರು ಅಂತ ಹೇಗೆ ಗೊತ್ತಾಗ್ಬೇಕು?"

"ಎಲ್ಲಾರೂ ಸೇರಿ ನನ್ನ ಮೇಲೇ ಬೀಳಿ!" ನ್ಯಾಕಲೆ ಬಟ್ಟೆಯನ್ನು ಚಾಪೆಯ ಮೇಲೆ ಎಸೆದಳು. "ಬಾವಲಿ ಹಿಕ್ಕೆ ಬೀಳೋ ಜಾಗದಲ್ಲಿ ಇನ್ನೂ ನಲವತ್ತು ವರ್ಷ ಕೂತಿರ್ಬೇಕಿತ್ತಾ? ಮಾಡು ಕುಸಿದು ಬೀಳೋದ್ರಲ್ಲಿತ್ತು. ನಾನು ಹತ್ತು ಆಫೀಸಿನ ಮೆಟ್ಟಿಲು ಹತ್ತಿ ಅದನ್ನ ಉಳಿಸಿದೆ. ಇಲ್ದಿದ್ರೆ ಕೆಡವಿ ಕಾರು ನಿಲ್ಲಿಸೋ ಜಾಗ ಮಾಡ್ತಿದ್ರು. ಬಾಬಾಗೆ ಅದು ಗೊತ್ತಾ?"

"ನೀನು ಹೇಳಿದ್ಯಾ?" ಎಂದಳು ತೆನೆ.

"ಕೇಳೋಕೆ ಅವರು ಊಟಕ್ಕಾದ್ರೂ ಕೂರ್ಬೇಕಲ್ಲ!"

ತೆನೆ ಬಟ್ಟೆಯನ್ನು ಎತ್ತಿ ಮಡಿಸಿದಳು. ಇಬ್ಬರದೂ ಸರಿ, ಇಬ್ಬರದೂ ಹಟ. ನಡುವೆ ಸಿಕ್ಕವಳ ಕೈಯ ಬಣ್ಣ ಮಾತ್ರ ಒಣಗುತ್ತಿತ್ತು.

ನಾಲ್ಕನೇ ವಾರದ ಬುಧವಾರ ಅವಳು ಹೊಸದಾಗಿ ಅದ್ದಿದ ಬಟ್ಟೆಯ ಗಂಟನ್ನು ತಲೆಯ ಮೇಲಿಟ್ಟುಕೊಂಡು ದೊಡ್ಡಂಗಡಿಗೆ ಹೋದಳು. ಒಳಗೆ ಕಾಲಿಟ್ಟವಳು ಬೆರಗಾಗಿ ನಿಂತಳು. ಕಮಾನುಗಳ ಮೇಲಿನ ಹಳೇ ಕೊಳೆ ಹೋಗಿ ಕೆಂಪು ಇಟ್ಟಿಗೆ ಬೆಳಗುತ್ತಿತ್ತು. ಮಾಡಿನ ಗಾಜು ತೊಳೆದದ್ದರಿಂದ ಬೆಳಕು ಸೀದಾ ನೆಲಕ್ಕೆ ಬೀಳುತ್ತಿತ್ತು. ನಡುವೆ ಮಾವನ ಕೊರಡು, ಸುತ್ತ ಹಗ್ಗ. ನೋಡಿದರೆ ಕಟ್ಟಿಹಾಕಿದ ದನದ ಹಾಗಿತ್ತು. ಅಷ್ಟರಲ್ಲಿ ಹಿಂದಿನ ಗೋಡೆಯ ಕಡೆಯಿಂದ ಹೆಣ್ಣು ದನಿಯೊಂದು ಮಾಡು ಹಾರಿಸುವಂತೆ ಕೇಳಿಸಿತು.

"ಏ ಅಲಸಂದೆ ತಿನ್ನೋನೇ! ಗೋಡೆಗೆ ಗಾರೆ ಬಳೀತಿದ್ದೀಯೋ ಸಾರು ಬಳೀತಿದ್ದೀಯೋ? ನಿಮ್ಮ ಕುಲಿಬಾಲಿಗಳಿಗೆ ಕರಣೆ ಕೊಟ್ರೂ ಸೌಟಿನ ಹಾಗೇ ಹಿಡೀತೀರಲ್ಲೋ!"

ಅಟ್ಟಣಿಗೆಯ ಮೇಲಿನ ಗಾರೆಯವನು ಹೊಟ್ಟೆ ಹಿಡಿದು ನಗುತ್ತ, "ನಮ್ಮ ಆಳುಗಳು ಎಂಜಿನಿಯರಾದ್ರೆ ಹೀಗೇ ಆಗೋದು!" ಎಂದು ಕೂಗಿದ.

ಗಂಟು ತೆನೆಯ ತಲೆಯಿಂದ ಜಾರಿತು. ಬೈದವಳು ದೂಸು!

ತೆನೆ ಸೀದಾ ಹೋಗಿ ಅವಳ ತೋಳು ಹಿಡಿದಳು. "ನೀನು ಯಾರ ಮಗಳು?"

ದೂಸು ಬೆಚ್ಚಿದಳು. "ಅಮ್ಮಾ, ನಮಸ್ಕಾರ. ತಾವು ಹೇಗಿದ್ದೀರಿ? ಮನೆಯಲ್ಲಿ ಹಿರಿಯರು..."

"ತಾವು ಗೀವು ಆಚೆಗಿಡು. ಮನೆ ಹೆಸರು ಹೇಳು."

"ಕೇಯ್ತಾ," ಎಂದಳು ದೂಸು, ಸಣ್ಣ ದನಿಯಲ್ಲಿ.

"ಕೇಯ್ತಾ! ನನ್ನ ಮನೆತನದವಳು! ಮತ್ತೆ ನಮ್ಮನೆಗೆ ಬಂದ ದಿನ ಈ ನಾಲಿಗೆ ಎಲ್ಲಿಟ್ಟು ಬಂದಿದ್ದೆ? ನನ್ನ ಗಂಡನನ್ನ ಹೆಣಕ್ಕೆ ಮರ್ಯಾದೆ ಕೊಟ್ಟ ಹಾಗೆ ಮಾತಾಡಿಸಿದೆಯಲ್ಲೇ!"

ದೂಸು ಮೆಲ್ಲಗೆ ಕಣ್ಣು ಹೊರಳಿಸಿದಳು. ಹಿಂದೆ ಕಂಬಕ್ಕೊರಗಿ, ಬಾಯಿಗೆ ಅಳತೆಯ ಟೇಪು ಒತ್ತಿಕೊಂಡು ನಿಂತಿದ್ದವಳು ನ್ಯಾಕಲೆ.

"ನೀನೇನಾ?" ಎಂದಳು ತೆನೆ.

"ಅಮ್ಮಾ, ನಾನು ಅದು... ಮನೆ ಹೆಸರು ಹೇಳಿದ್ರೆ ಬಾಬಾ ಒಂದು ಗಂಟೆ ಆಳು, ಅಲಸಂದೆ ಅಂತ ತಮಾಷೆ ಮಾಡ್ಕೊಂಡು ಕೂರ್ತಾರೆ. ಕೆಲಸದ ಮಾತು ಬರೋದೇ ಇಲ್ಲ. ಅದಕ್ಕೆ, ಹೆಸರು ಹೇಳ್ಬೇಡ, ತುಂಬ ಗೌರವದಿಂದ ಮಾತಾಡು ಅಂತ ನಾನೇ ಹೇಳಿದ್ದೆ. ಡಾಕಾರಿನಲ್ಲಿ ಮೀಟಿಂಗ್ ಅಂದ್ರೆ ಹಾಗೇ ಇತ್ತು."

"ಅವತ್ತು ಬಾಯಿ ಕಚ್ಚಿಕೊಂಡು ಕೂತ ಕಷ್ಟ ನನಗೇ ಗೊತ್ತು ಅಮ್ಮ," ಎಂದಳು ದೂಸು. "ಎದುರಿಗೆ ಅಷ್ಟು ದೊಡ್ಡ ಕುಲಿಬಾಲಿ ಕೂತಿದ್ರೂ ಒಂದು ಮಾತು ಅನ್ನೋ ಹಾಗಿಲ್ಲ! ಮನೆಗೆ ಹೋಗಿ ಅಜ್ಜಿಗೆ ಹೇಳಿದ್ರೆ ಅವರು ನನಗೆ ಚಪ್ಪಲಿ ತೋರ್ಸಿದ್ರು."

"ಬುದ್ಧಿವಂತ ಅಜ್ಜಿ," ಎಂದು ತೆನೆ ಗಂಟನ್ನು ಎತ್ತಿಕೊಂಡಳು. "ಶುಕ್ರವಾರ ಮಧ್ಯಾಹ್ನ ಊಟಕ್ಕೆ ಬಾ. ಬರಿಗೈಯಲ್ಲಿ ಬರಬೇಡ. ಏನು ತರಬೇಕು ಅಂತ ನಾನು ಹೇಳಿಕೊಡ್ಬೇಕಾ?"

ಶುಕ್ರವಾರ ನಮಾಜು ಮುಗಿಸಿ ಬಂದ ಜುಮಾನಾನನ್ನು ತೆನೆ ಸನಬಾಳ ಕೈಲಿ ತಡೆದು ಕೂರಿಸಿದಳು. "ಇವತ್ತು ನನ್ನ ಪಕ್ಕ ಕೂರು, ಬೆನ್ನು ತುರಿಸ್ತಿದೆ," ಎಂದು ಮುದುಕಿ ಅಂದಮೇಲೆ ಅವನು ಎಲ್ಲಿಗೆ ಹೋಗುತ್ತಾನೆ? ಸಿಯಾಕಾನೂ ವಿಷಯ ಮೂಸಿ ನೋಡಿದವನಂತೆ ಬಂದು ಕೂತಿದ್ದ. ಆಗ ಗೇಟು ದಢಾರನೆ ತೆರೆಯಿತು. ತಲೆಯ ಮೇಲೆ ದೊಡ್ಡ ಪಾತ್ರೆ ಹೊತ್ತ ದೂಸು ಅಂಗಳದ ನಡುವೆ ಬಂದು ನಿಂತು, ಬೀದಿಗೆಲ್ಲ ಕೇಳುವಂತೆ ಕೂಗಿದಳು.

"ಇಲ್ಲಿ ಅಲಸಂದೆ ತಿಂದು ತಿಂದು ಹೊಟ್ಟೆ ಊದಿದ ಕುಲಿಬಾಲಿ ಒಬ್ಬ ಇದ್ದಾನಂತೆ, ಯಾರಯ್ಯಾ ಅವನು? ಹಸಿದಿದ್ದಾನೆ ಅಂತ ಕೇಳಿ ದೂಸು ಕೇಯ್ತಾ ಮೇವು ತಂದಿದ್ದಾಳೆ!"

ಪಾತ್ರೆಯ ಮುಚ್ಚಳ ತೆಗೆದರೆ ಬಿಸಿಬಿಸಿ ಅಲಸಂದೆ ವಡೆ.

ಜುಮಾನಾ ಎದ್ದು ನಿಂತ. ಮುಖ ಒಂದು ಗಳಿಗೆ ಗಂಟಿಕ್ಕಿತು. ಆಮೇಲೆ ಆ ಗಂಟು ಬಿಚ್ಚಿಕೊಂಡಿತು. ಕಣ್ಣು ಅರಳಿತು, ಮೀಸೆ ಅಲುಗಿತು.

"ಕೇಯ್ತಾ?" ಎಂದ. "ನೀನು ಕೇಯ್ತಾನಾ? ಓಡಿಹೋಗಿದ್ದ ಆಳು ವಾಪಸ್ಸು ಬಂದ್ಯಾ! ತಿಂಗಳಿಂದ ನಮ್ಮ ಅಂಗಳ ಗುಡಿಸೋರಿಲ್ಲ. ಪೊರಕೆ ಅಲ್ಲಿದೆ ತಗೋ!"

"ಗುಡಿಸೋಕೆ ಜಾಗ ಎಲ್ಲಿದೆ? ಎಲ್ಲಾ ಕಡೆ ಕಾಳಿನ ಸಿಪ್ಪೆ!"

"ನಿನ್ನ ತಾತ ಬಿಡಿಸಿ ಹಾಕಿದ್ದು!"

"ನಿಮ್ಮ ತಾತ ನುಂಗಿ ಉಗುಳಿದ್ದು!"

ಸನಬಾ ಚಾಪೆ ತಟ್ಟಿ ನಕ್ಕಳು. ಗೋಡೆಯಾಚೆಯ ಮನೆಯವರೂ ಇಣುಕಿದರು. ಜುಮಾನಾನ ನಗು ಹೊಟ್ಟೆಯಿಂದ ಎದ್ದು ಬಂದು ಟೋಪಿಯನ್ನೇ ಅಲುಗಾಡಿಸಿತು. ತಿಂಗಳ ಮೇಲೆ ಮನೆಯಲ್ಲಿ ಆ ಸದ್ದು ಕೇಳಿ ತೆನೆಗೆ ಅಲ್ಲೇ ಕೂತು ಅತ್ತುಬಿಡೋಣ ಅನ್ನಿಸಿತು. ಅಳುವ ಬದಲು ಬೋಗುಣಿ ತಂದಿಟ್ಟಳು.

ವಡೆ ತಿನ್ನುತ್ತಲೇ ಮಾತು ಕೆಲಸಕ್ಕೆ ಬಂತು.

"ನೋಡೇ ಆಳೇ," ಎಂದ ಜುಮಾನಾ, "ನಿನ್ನ ಯಜಮಾನ ಹೇಳ್ತಿದ್ದೀನಿ. ನನ್ನಪ್ಪನ ಕೊರಡಿಗೆ ಗಾಜು ಹಾಕೋ ಹಾಗಿಲ್ಲ. ಅದು ಬಡಿಸ್ಕೊಳ್ಳೋಕೆ ಹುಟ್ಟಿದ್ದು, ನೋಡಿಸ್ಕೊಳ್ಳೋಕಲ್ಲ."

"ಆಗ್ಲಿ. ಆದ್ರೆ ನಡುಮನೇಲಿ ಬರೀ ಕೊರಡು ಇಟ್ಕೊಂಡು ನಾನೇನು ಮಾಡ್ಲಿ? ಅಲಸಂದೆ ತಿನ್ನೋರು ಇಬ್ಬರು ಅಲ್ಲಿ ಬಂದು ಕೂರ್ಬೇಕು. ದಿನಾ."

"ಇಬ್ಬರಲ್ಲ, ಹದಿನಾರು ಮಂದಿ. ಆ ಶೆಡ್ಡಿನಲ್ಲಿ ನೆಲ ಪೊಳ್ಳು."

ದೂಸು ಬೆರಳಿನ ಎಣ್ಣೆ ಒರೆಸಿಕೊಂಡು ನೆಲದ ಮಣ್ಣಿನಲ್ಲೇ ಗೆರೆ ಎಳೆದಳು. "ಹದಿನಾರು ಮಂದಿ ನಡುಮನೇಲಿ ಕೂತ್ರೆ ಚಿತ್ರ ಎಲ್ಲಿಡ್ಲಿ? ಆಗಲ್ಲ. ಹಿಂದಿನ ಜಗಲಿ ಇದ್ಯಲ್ಲ, ಕಲ್ಲಿನದು, ಅಲ್ಲಿ ಚಹಾದಂಗಡಿ ಅಂತಿತ್ತು. ಅದನ್ನ ಏಳು ಜೋಡಿಗೆ ಬಿಡ್ತೀನಿ, ಚಹಾದಂಗಡಿ ಮರದ ಕೆಳಗೆ ಹೋಗ್ಲಿ. ನಡುವಿನ ಕೊರಡು ನಿಮ್ಮಿಬ್ಬರದು. ಉಡುಪು ಹಾಕ್ಕೊಂಡು ನಡೆಯೋ ದಾರಿ ಸೀದಾ ಇತ್ತು, ಕೊರಡನ್ನ ಸುತ್ತಿ ಬಾಗಿಸ್ತೀನಿ. ಮೇಲಿನೋರು ಕೇಳಿದ್ರೆ ಕುಲಿಬಾಲಿ ನೆಲ ಬಿಟ್ಟೇಳಲಿಲ್ಲ ಅಂತ ಬರೀತೀನಿ."

"ಬರಿ. ಕೆಳಗೆ ನನ್ನ ಹೆಬ್ಬೆಟ್ಟು ಒತ್ತಿಸ್ಕೋ."

ಸಿಯಾಕಾ ನಾಲ್ಕನೇ ವಡೆಗೆ ಕೈ ಹಾಕಿ, "ಒಂದು ತಿಂಗಳು ನಾನು ಈ ಮನುಷ್ಯನಿಗೆ ಅನ್ನ ಹಾಕಿದ್ದೀನಿ. ಮೊದಲೇ ಯಾರಾದ್ರೂ ಬಂದು ಬೈಬಾರದಿತ್ತಾ?" ಎಂದ.

ಎಲ್ಲರೂ ನಕ್ಕರು. ಜುಮಾನಾ ಕೇಳಿದ: "ಅದು ಸರಿ, ಆಳೇ, ಮೊದಲ ದಿನ ಯಾಕೆ ಹೆಸರು ಬಚ್ಚಿಟ್ಟೆ?"

ದೂಸು ಬಾಯಿ ತೆರೆಯುವ ಮೊದಲೇ ನ್ಯಾಕಲೆ ಹೇಳಿದಳು. "ನಾನು ಹೇಳಿದ್ದು ಬಾಬಾ. ಹೆಸರು ಹೇಳಬೇಡ ಅಂತ."

ಜುಮಾನಾ ಮಗಳನ್ನು ನೋಡಿದ. ಬೈಯಲಿಲ್ಲ. "ಮನೆ ಹೆಸರು ಅಂದ್ರೆ ನಿನಗೆ ಅಡ್ಡಿ ಅಂತ ಆಯ್ತು," ಎಂದಷ್ಟೇ ಹೇಳಿ, ಬೋಗುಣಿಯ ದೊಡ್ಡ ವಡೆಯನ್ನು ಮುರಿದು ದೂಸುವಿನ ಕಡೆ ತಳ್ಳಿದ. ನ್ಯಾಕಲೆಯ ಕಡೆ ಬೋಗುಣಿ ಖಾಲಿಯೇ ಇತ್ತು. ತೆನೆ ಅದನ್ನು ಕಂಡಳು, ನ್ಯಾಕಲೆಯೂ ಕಂಡಳು.

ಸೋಮವಾರದಿಂದ ಜುಮಾನಾ, ಸಿಯಾಕಾ ದೊಡ್ಡಂಗಡಿಯ ಕೊರಡಿಗೆ ಮರಳಿದರು. ಗಾರೆಯವರು ಒಂದು ಕಡೆ, ಬಡಗಿಗಳು ಇನ್ನೊಂದು ಕಡೆ, ನಡುವೆ ಟಣ್ ಟಣ್. ಮೂವತ್ತು ನಿಲುವಂಗಿಯ ಬಟ್ಟೆಯನ್ನೂ ಜುಮಾನಾ ಬಡಿದ. ಎಂಥ ಮಿರುಗು ಬಂತೆಂದರೆ ತೆನೆಗೆ ತನ್ನ ಬಣ್ಣವೇ ಗುರುತು ಸಿಗಲಿಲ್ಲ. ಬಟ್ಟೆ ಮುಗಿದ ಹಾಗೆ ಮಡಿಸಿ ಕೊಡುತ್ತಿದ್ದ, "ತಗೋ," ಎನ್ನುತ್ತಿದ್ದ. ಮಗಳೊಂದಿಗೆ ಅಷ್ಟೇ ಮಾತು. ಮಧ್ಯಾಹ್ನ ಊಟಕ್ಕೆ ಮನೆಗೆ ಬರುತ್ತಿದ್ದ, ಒಂದೇ ಬೋಗುಣಿಗೆ ಕೈ ಹಾಕುತ್ತಿದ್ದ. ಮೀನನ್ನು ಮಾತ್ರ ಅವರವರೇ ಮುರಿದುಕೊಳ್ಳಬೇಕಿತ್ತು.

"ಅಷ್ಟು ದೊಡ್ಡ ಕಟ್ಟಡಾನ ಉಳಿಸಿದ್ದು ಅವಳು," ಎಂದು ತೆನೆ ಗಂಡನಿಗೆ ಹೇಳಿದಳು. "ಹತ್ತು ಆಫೀಸು ಅಲೆದಿದ್ದಾಳೆ. ಇಲ್ದಿದ್ರೆ ಕೆಡವಿ ಕಾರು ನಿಲ್ಲಿಸ್ತಿದ್ರಂತೆ."

"ಗೊತ್ತಾಯ್ತು. ಗಾರೆಯವನು ಹೇಳಿದ."

"ಮತ್ತೆ?"

"ಮತ್ತೇನು? ಕಟ್ಟಡದ ಹೆಸರು ಉಳಿಸಿದಳು, ಒಳ್ಳೇದು. ನನ್ನ ಹೆಸರು ಯಾಕೆ ಬೇಡ ಅಂತ ಕೇಳ್ತಿದ್ದೀನಿ. ನೀನು ಅವಳ ಅಂಗಿ ಒಳಗಿನ ಪಟ್ಟಿ ನೋಡಿದ್ಯಾ?"

ಕೊರಳ ಒಳಗೆ ಹೊಲಿಯುವ ಹೆಸರಿನ ಪಟ್ಟಿ ಅದು. ತೆನೆಗೂ ಓದಲು ಬರದು, ಜುಮಾನಾಗೂ ಬರದು. ಆದರೆ ಫ್ರೆಂಚ್ ಅಕ್ಷರದಲ್ಲಿ ಬರೆದ 'ಕುಲಿಬಾಲಿ'ಯ ಆಕಾರ ಅವನಿಗೆ ಗುರುತಿನ ಚೀಟಿಯಿಂದ ಚೆನ್ನಾಗಿ ಗೊತ್ತಿತ್ತು. ಉದ್ದನೆಯದು, ನಡುವೆ ಮೂರು ಗೂಟ, ಕೊನೆಗೊಂದು ಬಾಲ. ಪಟ್ಟಿಯಲ್ಲಿ ಬಾಲವಿರಲಿಲ್ಲ. ಅಲ್ಲಿ ನ್ಯಾಕಲೆ ಎಂದಷ್ಟೇ ಇತ್ತು.

ತೆನೆ ಆ ಸಂಜೆ ಮಗಳ ಹೊಲಿಗೆ ಯಂತ್ರದ ಪಕ್ಕ ಕೂತಳು. "ಇಷ್ಟೇನಾ ಹೆಸರು?"

"ಚಿಕ್ಕದಾಗಿದ್ರೆ ಪರದೇಶದೋರಿಗೆ ನೆನಪಿರುತ್ತೆ ಅಮ್ಮ. ಅಲ್ಲಿ ಎಲ್ಲಾರೂ ಹಾಗೇ ಮಾಡೋದು."

"ನಿಮ್ಮಪ್ಪ ಬಾಲ ಹುಡುಕ್ತಿದ್ದಾರೆ."

"ಏನು ಬಾಲ?"

ತೆನೆ ಹೇಳಿದಳು. ಹೊಲಿಗೆ ಯಂತ್ರ ನಿಂತಿತು. ನ್ಯಾಕಲೆ ಪಟ್ಟಿಯನ್ನು ಬೆರಳಲ್ಲಿ ಸುತ್ತುತ್ತ ಬಹಳ ಹೊತ್ತು ಕೂತಳು. ತೆನೆ ಎದ್ದು ಮುದ್ದೆ ತಿರುವಲು ಹೋದಳು.

ಪ್ರದರ್ಶನದ ಸಂಜೆ ಬಂತು. ಬೀದಿ ತುಂಬ ಕಾರು, ಬೈಕು. ದೊಡ್ಡಂಗಡಿಯ ಎರಡಾಳೆತ್ತರದ ಬಾಗಿಲು ಪೂರಾ ತೆರೆದಿತ್ತು. ಗೋಡೆಗಳ ಮೇಲೆ ಚಿತ್ರಗಳು, ಹಿಂದಿನ ಜಗಲಿಯಲ್ಲಿ ಏಳು ಕೊರಡು, ಮರದ ಕೆಳಗೆ ಚಹಾ, ಶುಂಠಿ ಪಾನಕ. ಬಂದವರಿಗೆಲ್ಲ ದೂಸು ಕಾಗದದ ಪೊಟ್ಟಣದಲ್ಲಿ ಅಲಸಂದೆ ವಡೆ ಹಂಚಿಸಿದ್ದಳು. ದೊಡ್ಡ ದೊಡ್ಡ ಮನುಷ್ಯರು ಬಿಳಿ ಅಂಗಿಗೆ ಎಣ್ಣೆ ಹತ್ತದಂತೆ ಕೈ ದೂರ ಹಿಡಿದು ತಿನ್ನುತ್ತಿದ್ದದ್ದು ನೋಡುವ ಹಾಗಿತ್ತು. ಸನಬಾಳನ್ನು ಮುಂದಿನ ಸಾಲಿನಲ್ಲಿ ಕುರ್ಚಿಯ ಮೇಲೆ ಕೂರಿಸಿದ್ದರು. ಪಕ್ಕದಲ್ಲಿ ತೆನೆ, ತಾನೇ ಅದ್ದಿದ ನೀಲಿಯಲ್ಲಿ, ಅಲುಗಿದರೆ ಗರಗರ.

ಸಂಗೀತದ ಯಂತ್ರ ಇರಲಿಲ್ಲ. ಜುಮಾನಾ, ಸಿಯಾಕಾ ಹೊಸ ಅಂಗಿ ತೊಟ್ಟು ಕೊರಡಿನ ಎರಡು ಕಡೆ ಕೂತರು. ಕೊಡತಿ ಎದ್ದಿತು. ಟಣ್, ಟಣ್, ಟಣ್. ಮೊದಲ ಹುಡುಗಿ ಕಮಾನಿನ ಕೆಳಗಿಂದ ಬಂದಳು, ಆ ಪೆಟ್ಟಿಗೆ ಹೆಜ್ಜೆ ಹಾಕುತ್ತ, ಕೊರಡನ್ನು ಸುತ್ತಿ ಬಾಗಿ ನಡೆದಳು. ಆಮೇಲೆ ಇನ್ನೊಬ್ಬಳು, ಮತ್ತೊಬ್ಬಳು. ಪೆಟ್ಟು ಚುರುಕಾದರೆ ನಡಿಗೆಯೂ ಚುರುಕು. ಹಿಂದಿನ ಜಗಲಿಯಿಂದ ಏಳು ಜೋಡಿಯೂ ಸೇರಿಕೊಂಡಾಗ ಇಡೀ ಕಟ್ಟಡವೇ ಬಡಿದುಕೊಳ್ಳತೊಡಗಿತು. ಸನಬಾಳಿಗೆ ಅಷ್ಟೂ ಸರಿಯಾಗಿ ಕೇಳಿತು. "ಇದು ನನ್ನ ಗಂಡನ ಕೊರಡು," ಎಂದು ಪಕ್ಕದಲ್ಲಿ ಕೂತ ಯಾರೋ ಪರದೇಶದವನ ತೊಡೆ ತಟ್ಟಿ ಹೇಳಿದಳು. ಅವನಿಗೆ ಭಾಷೆ ತಿಳಿಯದಿದ್ದರೂ ತಲೆಯಾಡಿಸಿದ.

ಮೂವತ್ತನೇ ನಿಲುವಂಗಿ ಕಂದು ಬಣ್ಣದ್ದು, ಮೈತುಂಬ ಕೆನೆಬಣ್ಣದ ಸಣ್ಣ ಸಣ್ಣ ಚುಕ್ಕಿ, ಪ್ರತಿ ಚುಕ್ಕಿಯ ನಡುವೆ ಒಂದು ಕಪ್ಪು ಕಣ್ಣು. ತೆನೆ ಒಂದು ವಾರ ಕೂತು ಒಂದೊಂದೇ ಗಂಟು ಕಟ್ಟಿ ಅದ್ದಿದ್ದಳು. ಬಡಿದ ಗಂಡ ಅದೇನೆಂದು ಕೇಳಿರಲಿಲ್ಲ. ಈಗ ದೀಪದ ಕೆಳಗೆ ಅದು ಅಲುಗಿದಾಗ ಯಾರೋ ಹಿಂದಿನಿಂದ, "ಅಲಸಂದೆ ಕಾಳು!" ಎಂದು ಕೂಗಿದರು. ಸಭೆಯೆಲ್ಲ ನಕ್ಕಿತು.

ಕೊಡತಿ ನಿಂತಿತು. ಕಾರ್ಯಕ್ರಮ ನಡೆಸುತ್ತಿದ್ದವನು ಮೈಕಿನಲ್ಲಿ, "ಇವನ್ನೆಲ್ಲ ರೂಪಿಸಿದವರು, ನಮ್ಮ ನ್ಯಾಕಲೆ!" ಎಂದ. ಚಪ್ಪಾಳೆ. ನ್ಯಾಕಲೆ ಬಂದಳು. ಮೈಕನ್ನು ಅವನ ಕೈಯಿಂದ ತೆಗೆದುಕೊಂಡಳು.

"ಅರ್ಧ ಹೆಸರು ಹೇಳಿದ್ರಿ," ಎಂದಳು ನ್ಯಾಕಲೆ. "ತಪ್ಪು ನಿಮ್ಮದಲ್ಲ, ನಾನೇ ಹಾಗೆ ಬರೆಸಿದ್ದೆ. ನಿನ್ನೆ ಕೂತು ಮೂವತ್ತು ಅಂಗಿಯ ಪಟ್ಟಿಯನ್ನೂ ಬಿಚ್ಚಿ ಹೊಸದು ಹೊಲಿದಿದ್ದೀನಿ. ಈ ಕೊರಡು ಹೂತವನ ಮೊಮ್ಮಗಳು ನಾನು, ಇದನ್ನ ಬಡಿಯೋನ ಮಗಳು. ನನ್ನ ಹೆಸರು ನ್ಯಾಕಲೆ ಕುಲಿಬಾಲಿ."

ಎಲ್ಲರಿಗಿಂತ ಮೊದಲು ಎದ್ದವಳು ಅವಳ ಹೆತ್ತ ತಾಯಿ. ಗರಗರ ಎನ್ನುವ ನೀಲಿಯಲ್ಲಿ ಸೆಟೆದು ನಿಂತು, ಎರಡೂ ಕೈ ಬಾಯಿಗೆ ಹಿಡಿದು, ತೆನೆ ಕೇಯ್ತಾ ಎದೆ ತುಂಬಿ ಕೂಗಿದಳು:

"ಅಲಸಂದೆ ತಿನ್ನೋಳೇ!"

ಅಷ್ಟೇ ಸಾಕಿತ್ತು. ಸಭೆಯಲ್ಲಿದ್ದ ಕೇಯ್ತಾಗಳೆಲ್ಲ ಎದ್ದರು. ದೂಸು ಕುರ್ಚಿ ಹತ್ತಿ ನಿಂತಳು. ಎಣ್ಣೆ ಪೊಟ್ಟಣ ಹಿಡಿದ ದೊಡ್ಡ ಮನುಷ್ಯರೂ ಬಿಡಲಿಲ್ಲ. "ಅಲಸಂದೆ ತಿನ್ನೋಳೇ! ಅಲಸಂದೆ ತಿನ್ನೋಳೇ!" ಎಂದು ಮಾಡು ಕಿತ್ತುಹೋಗುವಂತೆ ಕೂಗಾಟ. "ಥೂ, ನಮ್ಮ ಆಳುಗಳಾ!" ಎಂದು ನ್ಯಾಕಲೆ ಮೈಕಿನಲ್ಲೇ ತಿರುಗಿ ಕೊಟ್ಟಳು, ನಗುತ್ತ, ಅಳುತ್ತ. ಕೊರಡಿನ ಮುಂದೆ ಜುಮಾನಾ ಮತ್ತೆ ಕೊಡತಿ ಎತ್ತಿದ. ನಗು ತಡೆಯಲಾರದೆ ಪೆಟ್ಟು ತಪ್ಪಿತು; ನಲವತ್ತು ವರ್ಷದಲ್ಲಿ ಆ ಕೊರಡಿನ ಮೇಲೆ ಮೊದಲ ಸಲ.

"ಲಯ, ಲಯ!" ಎಂದು ಸಿಯಾಕಾ ಗದರಿದ.

ಜುಮಾನಾ ಕೊಡತಿಯನ್ನು ಕೆಳಗಿಟ್ಟ. ಕಣ್ಣು ಒರೆಸಿಕೊಂಡು, ಪಕ್ಕದಲ್ಲಿದ್ದ ಪೊಟ್ಟಣದಿಂದ ಒಂದು ವಡೆ ತೆಗೆದ. ನ್ಯಾಕಲೆ ಮೈಕು ಬಿಟ್ಟು ಅವನ ಮುಂದೆ ಬಂದು ಕುಕ್ಕರುಗಾಲಲ್ಲಿ ಕೂತಿದ್ದಳು. ಅವನು ವಡೆಯನ್ನು ಎರಡಾಗಿ ಮುರಿದು, ಎರಡು ತುಂಡನ್ನೂ ನೋಡಿ, ದೊಡ್ಡದನ್ನು ಅವಳ ಕೈಗಿಟ್ಟ.

"ತಿನ್ನು, ಕುಲಿಬಾಲಿ," ಎಂದ.